ಉಜ್ಜಿದ ಪೈಪಿನಿಂದ ಮಿನುಗುವ ಎಲ್‌ಇಡಿವರೆಗೆ: ಮನೆಯಲ್ಲೇ ಕಲಿಯುವ ವಿದ್ಯುತ್ತಿನ ಅ ಆ ಇ ಈ

ಶಾಲೆಯಲ್ಲಿ ನಮಗೆ ಸ್ಥಿರ ವಿದ್ಯುತ್ತು ಒಂದು ಪಾಠ, ವಿದ್ಯುತ್ ಮಂಡಲ ಇನ್ನೊಂದು ಪಾಠ. ಮೊದಲನೆಯದರಲ್ಲಿ ಬಾಚಣಿಗೆ ಮತ್ತು ಕಾಗದದ ಚೂರು. ಎರಡನೆಯದರಲ್ಲಿ ಬ್ಯಾಟರಿ, ಬಲ್ಬು, ಸ್ವಿಚ್ಚು. ಎರಡಕ್ಕೂ ಏನು ಸಂಬಂಧ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೊನ್ನೆ ಮಗಳು ಕೇಳಿದಳು: "ಅಪ್ಪಾ, ಬಾಚಣಿಗೆಯಲ್ಲೂ ಕರೆಂಟ್ ಇದೆ ಅಂದ್ರೆ ಅದರಿಂದ ಬಲ್ಬ್ ಯಾಕೆ ಉರಿಯಲ್ಲ?" ಒಳ್ಳೆ ಪ್ರಶ್ನೆ ಅಲ್ವಾ? ಅವಳಿಗೆ ಬಾಯಲ್ಲಿ ಹೇಳಿ ಮುಗಿಸೋಣ ಅಂತ ಹೊರಟವನು ಎರಡು ಭಾನುವಾರ ನೆಲದ ಮೇಲೆ ಕೂತು ಇಷ್ಟೆಲ್ಲ ಮಾಡಿದ್ದೇನೆ. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಕೊನೆಯ ಪ್ರಯೋಗದಲ್ಲಿ ಉಜ್ಜಿದ ಪೈಪನ್ನು ದೂರದಿಂದಲೇ ಆಡಿಸಿ ಎಲ್‌ಇಡಿ ಮಿನುಗಿಸುತ್ತೇವೆ.

ಒಂದೇ ಒಂದು ಕಟ್ಟುನಿಟ್ಟಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವ ಯಾವುದನ್ನೂ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಬಾರದು. ಎಲ್ಲವೂ ಕೈಯಲ್ಲಿ ಉಜ್ಜಿದ ಚಾರ್ಜ್ ಇಲ್ಲವೇ 9 ವೋಲ್ಟಿನ ಬ್ಯಾಟರಿಯಿಂದಲೇ ಆಗಬೇಕು. ಮನೆಯಲ್ಲಿ ಯಾರಿಗಾದರೂ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಕಿಡಿ ಹಾರಿಸುವ ಆಟದಿಂದ ಅವರು ದೂರ ಇರಲಿ.

ಏನೇನು ಬೇಕು

ಮೊದಲ ಅರ್ಧಕ್ಕೆ ಅಂಗಡಿಗೆ ಹೋಗುವುದೇ ಬೇಡ. ಒಂದಡಿ ಉದ್ದದ ಪಿವಿಸಿ ಪೈಪ್ (ಮನೆ ವೈರಿಂಗ್ ಮಾಡುವಾಗ ಉಳಿದ ತುಂಡು ಸಾಕು), ಹಳೆಯ ಉಲ್ಲನ್ ಬಟ್ಟೆ, ಥರ್ಮೋಕೋಲ್ ಹಾಳೆ, ಅಂಚು ಮಡಚಿದ ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಲೋಟ, ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್, ಗಾಜಿನ ಬಾಟಲಿ, ಸ್ವಲ್ಪ ತಾಮ್ರದ ತಂತಿ, ಮತ್ತೆ ಮನೆಯಲ್ಲಿ ಹೇಗೂ ಇರುವ ಟೆಸ್ಟರ್.

ಎರಡನೇ ಅರ್ಧಕ್ಕೆ 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಯಾಪು, ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಬಿಡಿಭಾಗ ಸಿಕ್ಕಿಸುವ ತೂತಿನ ಹಲಗೆ), ಐದಾರು ಕೆಂಪು ಎಲ್‌ಇಡಿ, 470 ಓಮ್, 10 ಕೆ, 100 ಕೆ, 1 ಮೆಗ್ ರೆಸಿಸ್ಟರ್‌ಗಳು (ಕೆ ಅಂದರೆ ಸಾವಿರ ಓಮ್, ಮೆಗ್ ಅಂದರೆ ಹತ್ತು ಲಕ್ಷ ಓಮ್), 1000 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್ ಒಂದು, ಬಿಸಿ547 ಟ್ರಾನ್ಸಿಸ್ಟರ್ ಮೂರು, ಜಂಪರ್ ವೈರು, ಒಂದು ಅಗ್ಗದ ಮಲ್ಟಿಮೀಟರ್. ಬೆಂಗಳೂರಿನವರಿಗೆ ಎಸ್‌ಪಿ ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ ಇವೆಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಬೇರೆ ಊರಿನವರು ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ. ರೆಸಿಸ್ಟರ್, ಟ್ರಾನ್ಸಿಸ್ಟರ್ ಬಿಡಿಯಾಗಿ ಕೆಲವೇ ರೂಪಾಯಿ. ಹತ್ತತ್ತು ತಗೊಳ್ಳಿ, ಕಳೆದುಹೋಗುತ್ತವೆ, ಸುಟ್ಟೂ ಹೋಗುತ್ತವೆ.

ಹೆಜ್ಜೆ 1: ಉಜ್ಜಿ ನೋಡಿ

ಪೈಪನ್ನು ಉಲ್ಲನ್ ಬಟ್ಟೆಯಿಂದ ಹತ್ತಿಪ್ಪತ್ತು ಸಲ ಜೋರಾಗಿ ಉಜ್ಜಿ. ಕಾಗದದ ಚೂರುಗಳ ಹತ್ತಿರ ತನ್ನಿ, ಹಾರಿ ಅಂಟಿಕೊಳ್ಳುತ್ತವೆ. ನಲ್ಲಿಯಿಂದ ದಾರದಷ್ಟು ಸಣ್ಣಗೆ ಬೀಳುವ ನೀರಿನ ಪಕ್ಕ ಹಿಡಿಯಿರಿ, ನೀರು ಪೈಪಿನ ಕಡೆ ಬಾಗುತ್ತದೆ.

ಆಗಿದ್ದಿಷ್ಟೇ. ಬಟ್ಟೆಯಲ್ಲಿದ್ದ ಒಂದಷ್ಟು ಎಲೆಕ್ಟ್ರಾನ್ ಪೈಪಿಗೆ ಬಂದವು. ಪೈಪು ಮೈನಸ್ ಆಯಿತು, ಬಟ್ಟೆ ಪ್ಲಸ್ ಆಯಿತು. ಹೊಸದಾಗಿ ಏನೂ ಹುಟ್ಟಲಿಲ್ಲ, ಇದ್ದದ್ದು ಜಾಗ ಬದಲಾಯಿಸಿತು ಅಷ್ಟೇ. ಪಿವಿಸಿ ವಿದ್ಯುತ್ತನ್ನು ಹರಿಯಗೊಡದ ವಸ್ತು, ಹಾಗಾಗಿ ಬಂದ ಎಲೆಕ್ಟ್ರಾನ್‌ಗಳು ಬಂದಲ್ಲೇ ಕೂತಿರುತ್ತವೆ. ಸ್ಥಿರ ಅನ್ನುವ ಹೆಸರು ಅದಕ್ಕೇ. ಸ್ಟೀಲ್ ಚಮಚವನ್ನು ಎಷ್ಟು ಉಜ್ಜಿದರೂ ಏನೂ ಆಗುವುದಿಲ್ಲ, ಬಂದ ಚಾರ್ಜೆಲ್ಲ ನಿಮ್ಮ ಕೈ ಮೂಲಕ ಇಳಿದುಹೋಗುತ್ತದೆ.

ಪ್ಲಸ್, ಮೈನಸ್ ಅಂತ ಕರೆದವನು ಬೆಂಜಮಿನ್ ಫ್ರಾಂಕ್ಲಿನ್, 18ನೇ ಶತಮಾನದಲ್ಲಿ. ಆಗ ಎಲೆಕ್ಟ್ರಾನ್ ಅಂತ ಒಂದು ಇದೆ ಅನ್ನುವುದೇ ಗೊತ್ತಿರಲಿಲ್ಲ. ಅದನ್ನು ಜೆ. ಜೆ. ಥಾಮ್ಸನ್ ಕಂಡುಹಿಡಿದದ್ದು 1897ರಲ್ಲಿ. ಅಷ್ಟರಲ್ಲಿ ಫ್ರಾಂಕ್ಲಿನ್ ಇಟ್ಟ ಗುರುತು ಎಲ್ಲ ಕಡೆ ರೂಢಿಯಾಗಿಬಿಟ್ಟಿತ್ತು, ಎಲೆಕ್ಟ್ರಾನ್ ಪಾಲಿಗೆ ಮೈನಸ್ ಬಂತು. ಅದಕ್ಕೇ ನಾವು ಇವತ್ತಿಗೂ ಕರೆಂಟು ಪ್ಲಸ್ಸಿನಿಂದ ಮೈನಸ್ಸಿಗೆ ಹರಿಯುತ್ತದೆ ಅಂತ ಗೆರೆ ಎಳೆಯುತ್ತೇವೆ, ತಂತಿಯೊಳಗೆ ಎಲೆಕ್ಟ್ರಾನ್‌ಗಳು ಉಲ್ಟಾ ಹೋಗುತ್ತಿರುತ್ತವೆ. ಸದ್ಯಕ್ಕೆ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕೊನೆಯ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಕಾಗದ ಹಾರಲೇ ಇಲ್ವಾ? ಹವೆ ನೋಡಿ. ಮಂಗಳೂರಲ್ಲಿ ಜುಲೈ ತಿಂಗಳಲ್ಲಿ ಈ ಆಟ ಶುರು ಮಾಡಿದರೆ ಸುಮ್ನೆ ಕೈ ನೋವು. ತೇವದ ಹವೆಯಲ್ಲಿ ಪೈಪಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ, ಚಾರ್ಜು ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಯಲುಸೀಮೆಯ ಒಣ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಚಳಿದೇಶಗಳಲ್ಲಿರುವ ನಮ್ಮವರಿಗೆ ಹೀಟರ್ ಹಾಕಿದ ಮನೆಯಲ್ಲಿ ಬಾಗಿಲ ಹಿಡಿ ಮುಟ್ಟಿದರೆ ಚಿಟ್ ಅನ್ನುವುದೂ ಇದೇ ಕಾರಣಕ್ಕೆ. ಮಳೆಗಾಲದಲ್ಲೇ ಮಾಡಬೇಕು ಅಂದರೆ ಹೇರ್ ಡ್ರೈಯರ್‌ನಿಂದ ಪೈಪು, ಬಟ್ಟೆ ಎರಡನ್ನೂ ಒಂದು ನಿಮಿಷ ಬಿಸಿ ಮಾಡಿಕೊಳ್ಳಿ.

ಹೆಜ್ಜೆ 2: ಚಾರ್ಜ್ ತೋರಿಸುವ ಬಾಟಲಿ

ಇದಕ್ಕೆ ಪುಸ್ತಕದಲ್ಲಿ ವಿದ್ಯುದ್ದರ್ಶಕ ಅಂತ ಹೆಸರು. ಬಾಟಲಿಯ ಬಾಯಿಗೆ ಹೊಂದುವ ಹಾಗೆ ಥರ್ಮೋಕೋಲ್ ಮುಚ್ಚಳ ಕತ್ತರಿಸಿ. ರಟ್ಟು ಬೇಡ, ರಟ್ಟು ತೇವ ಹೀರಿ ಚಾರ್ಜನ್ನು ಸೋರಿಸುತ್ತದೆ. ನನ್ನ ಮೊದಲ ಬಾಟಲಿ ಕೆಟ್ಟಿದ್ದೇ ಇದರಿಂದ. ಮುಚ್ಚಳದ ನಡುವೆ ತಾಮ್ರದ ತಂತಿ ತೂರಿಸಿ, ಒಳಗಿನ ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ. ಮೇಲಿನ ತುದಿಗೆ ಫಾಯಿಲ್‌ನ ಉಂಡೆ ಕಟ್ಟಿ. ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಎರಡೂ ತುದಿಯಲ್ಲಿ ಕೆರೆದು ತೆಗೆಯಿರಿ. ಕೊಕ್ಕೆಗೆ 4 ಸೆಂಟಿಮೀಟರ್ ಉದ್ದ, ಅರ್ಧ ಸೆಂಟಿಮೀಟರ್ ಅಗಲದ ಎರಡು ಫಾಯಿಲ್ ಪಟ್ಟಿಗಳನ್ನು ಒಂದಕ್ಕೊಂದು ತಾಗುವ ಹಾಗೆ, ಸಡಿಲವಾಗಿ ತೂಗು ಹಾಕಿ.

ಉಜ್ಜಿದ ಪೈಪನ್ನು ಉಂಡೆಯ ಹತ್ತಿರ ತನ್ನಿ. ಮುಟ್ಟಿಸಬೇಡಿ. ಪಟ್ಟಿಗಳು ಕಾಲು ಅಗಲಿಸಿ ನಿಲ್ಲುತ್ತವೆ. ಪೈಪಿನ ಮೈನಸ್ ಚಾರ್ಜು ಉಂಡೆಯಲ್ಲಿದ್ದ ಎಲೆಕ್ಟ್ರಾನ್‌ಗಳನ್ನು ಕೆಳಕ್ಕೆ ಅಟ್ಟಿತು, ಎರಡೂ ಪಟ್ಟಿ ಮೈನಸ್ ಆದವು, ಒಂದೇ ಜಾತಿಯ ಚಾರ್ಜುಗಳು ಒಂದನ್ನೊಂದು ದೂರ ತಳ್ಳಿದವು. ಪೈಪು ದೂರ ಹೋದರೆ ಪಟ್ಟಿಗಳು ಮತ್ತೆ ಕೂಡಿಕೊಳ್ಳುತ್ತವೆ. ಮುಟ್ಟದೆಯೇ ತಂತಿಯೊಳಗೆ ಎಲೆಕ್ಟ್ರಾನ್‌ಗಳು ಕೆಳಗಿಳಿದು ಮೇಲೆ ಬಂದವು, ಅಂದರೆ ಒಂದು ಕ್ಷಣ ಅಲ್ಲಿ ಕರೆಂಟು ಹರಿಯಿತು! ಸ್ಥಿರ, ಹರಿಯುವುದು ಅಂತ ಎರಡು ಬೇರೆ ವಿದ್ಯುತ್ತಿಲ್ಲ. ಕೂತಿದ್ದೂ ಅದೇ, ನಡೆದಿದ್ದೂ ಅದೇ.

ಹೆಜ್ಜೆ 3: ತಟ್ಟೆಯಿಂದ ಕಿಡಿ, ಟೆಸ್ಟರಿನಲ್ಲಿ ಬೆಳಕು

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಪ್ರಯೋಗ ಇದು. ಸ್ಟೀಲ್ ತಟ್ಟೆಯ ಒಳಗೆ ಸರಿಯಾಗಿ ನಡುವೆ ಪ್ಲಾಸ್ಟಿಕ್ ಲೋಟವನ್ನು ಅಂಟಿಸಿ, ಅದೇ ಹಿಡಿಕೆ. ಥರ್ಮೋಕೋಲ್ ಹಾಳೆಯನ್ನು ಮೇಜಿನ ಮೇಲಿಟ್ಟು ಉಲ್ಲನ್‌ನಿಂದ ಅರ್ಧ ನಿಮಿಷ ಉಜ್ಜಿ. ಲೋಟ ಹಿಡಿದು ತಟ್ಟೆಯನ್ನು ಅದರ ಮೇಲೆ ಇಡಿ. ಈಗ ಇನ್ನೊಂದು ಕೈಯ ಬೆರಳಿನಿಂದ ತಟ್ಟೆಯನ್ನು ಒಮ್ಮೆ ಮುಟ್ಟಿ, ಚಿಟ್ ಅನ್ನುತ್ತದೆ. ಬೆರಳು ತೆಗೆದು, ಲೋಟದಿಂದಲೇ ತಟ್ಟೆ ಎತ್ತಿ. ಈಗ ಮತ್ತೆ ಬೆರಳು ಹತ್ತಿರ ತನ್ನಿ. ಈ ಸಲ ಇನ್ನೂ ಜೋರು.

ಕತ್ತಲೆ ಕೋಣೆಯಲ್ಲಿ ಬೆರಳಿನ ಬದಲು ಟೆಸ್ಟರ್ ತನ್ನಿ. ಟೆಸ್ಟರಿನ ಹಿಂದಿನ ಲೋಹದ ತಲೆಯನ್ನು ಬೆರಳಿನಿಂದ ಮುಟ್ಟಿಕೊಂಡು, ಮುಂದಿನ ತುದಿಯನ್ನು ಎತ್ತಿದ ತಟ್ಟೆಗೆ ತಾಗಿಸಿ. ಒಳಗಿನ ಪುಟ್ಟ ನಿಯಾನ್ ಬಲ್ಬು ಫಳ್ ಅಂತ ಒಮ್ಮೆ ಮಿಂಚುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ, ಅದಕ್ಕೇ ಕತ್ತಲೆ ಬೇಕು. ತಟ್ಟೆಯನ್ನು ಮತ್ತೆ ಥರ್ಮೋಕೋಲ್ ಮೇಲಿಟ್ಟು, ಮುಟ್ಟಿ, ಎತ್ತಿ. ಮತ್ತೆ ಮಿಂಚುತ್ತದೆ. ಮತ್ತೆ ಉಜ್ಜದೆಯೇ ಹತ್ತಾರು ಸಲ ಹೀಗೆ ಮಾಡಬಹುದು. ಪುಕ್ಕಟೆ ಕರೆಂಟಾ? ಅಲ್ಲ. ಉಜ್ಜಿದ ಥರ್ಮೋಕೋಲ್ ಪೈಪಿನ ಹಾಗೆ ಮೈನಸ್ ಆಗಿದೆ, ಅದು ಅಟ್ಟಿದ ಎಲೆಕ್ಟ್ರಾನ್‌ಗಳು ನೀವು ಮುಟ್ಟಿದಾಗ ಬೆರಳಿನ ಮೂಲಕ ಇಳಿದುಹೋಗಿ ತಟ್ಟೆ ಪ್ಲಸ್ ಆಯಿತು. ಥರ್ಮೋಕೋಲಿನ ಮೈನಸ್ಸು, ತಟ್ಟೆಯ ಪ್ಲಸ್ಸು ಒಂದನ್ನೊಂದು ಎಳೆಯುತ್ತಿರುತ್ತವೆ, ಆ ಎಳೆತದ ವಿರುದ್ಧ ತಟ್ಟೆಯನ್ನು ಮೇಲೆತ್ತಿದ್ದು ನಿಮ್ಮ ತೋಳು. ಬೆಳಕಿನ ಲೆಕ್ಕ ನಿಮ್ಮ ಬೆಳಗಿನ ದೋಸೆಗೆ ಹೋಗಿ ಮುಟ್ಟುತ್ತದೆ.

1775ರಲ್ಲಿ ಈ ಸಾಧನವನ್ನು ತಿದ್ದಿ ತೀಡಿ ಊರಿಗೆಲ್ಲ ಗೊತ್ತು ಮಾಡಿದವನು ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ. ಅದೇ ವೋಲ್ಟಾ 1800ರಲ್ಲಿ ಮೊದಲ ಬ್ಯಾಟರಿಯನ್ನು ಲೋಕದ ಮುಂದಿಟ್ಟ. ಆ ಎರಡು ಪಾಠಗಳನ್ನು ಒಬ್ಬನೇ ಮನುಷ್ಯ ತನ್ನ ಜೀವನದಲ್ಲಿ ಜೋಡಿಸಿಬಿಟ್ಟಿದ್ದ, ನಮ್ಮ ಪಠ್ಯಪುಸ್ತಕ ಮತ್ತೆ ಬಿಡಿಸಿ ಇಟ್ಟಿತು.

ಹಾಗಾದರೆ ಬಲ್ಬು ಯಾಕೆ ಉರಿಯುವುದಿಲ್ಲ

ಒಣ ಗಾಳಿಯಲ್ಲಿ ಒಂದು ಸೆಂಟಿಮೀಟರ್ ಕಿಡಿ ಹಾರಬೇಕಾದರೆ ಸುಮಾರು 30,000 ವೋಲ್ಟ್ ಬೇಕು. ತಟ್ಟೆಯಿಂದ 3 ಮಿಲಿಮೀಟರ್ ಕಿಡಿ ಹಾರಿದರೆ ಅಲ್ಲಿ ಹತ್ತಿರ ಹತ್ತಿರ 9,000 ವೋಲ್ಟ್ ಇತ್ತು ಅಂತಾಯಿತು. ಗೋಡೆಯ ಸಾಕೆಟ್ಟಿನಲ್ಲಿ ಇರುವುದು 230. ಆದರೂ ನೀವು ನಗುತ್ತಾ ಕೂತಿದ್ದೀರಿ, ಯಾಕೆ?

ವೋಲ್ಟ್ ಅಂದರೆ ತಳ್ಳುವ ಒತ್ತಡ, ಎಷ್ಟು ಚಾರ್ಜಿದೆ ಅನ್ನುವ ಲೆಕ್ಕ ಅಲ್ಲ. ಜೋಗದ ನೆತ್ತಿಯಿಂದ ಒಂದೇ ಒಂದು ಹನಿ ಬಿದ್ದರೆ ಎತ್ತರ ಬಹಳ, ನೀರು ಇಷ್ಟೇ. ಮೊಣಕಾಲೆತ್ತರದ ತೊಟ್ಟಿಯಿಂದ ಹರಿಯುವ ನೀರಿಗೆ ಎತ್ತರ ಇಲ್ಲ, ಆದರೆ ತೋಟಕ್ಕೆಲ್ಲ ಸಾಕಾಗುತ್ತದೆ. ಉಜ್ಜಿದ ಪೈಪು ಜೋಗದ ಹನಿ, ಬ್ಯಾಟರಿ ತೊಟ್ಟಿ.

ಲೆಕ್ಕ ಹಾಕಿಯೇ ನೋಡೋಣ. ಚಾರ್ಜನ್ನು ಅಳೆಯುವುದು ಕೂಲಂನಲ್ಲಿ. ಮಿಲಿ ಅಂದರೆ ಅದರ ಸಾವಿರದ ಒಂದು ಭಾಗ, ನ್ಯಾನೊ ಅಂದರೆ ನೂರು ಕೋಟಿಯ ಒಂದು ಭಾಗ. ಪೈಪಿನ ಮೇಲೆ 10 ನ್ಯಾನೊಕೂಲಂ ಚಾರ್ಜಿದೆ ಅಂತ ಇಟ್ಟುಕೊಳ್ಳಿ. ಸುಮಾರು 6,000 ಕೋಟಿ ಎಲೆಕ್ಟ್ರಾನ್. ಕೇಳುವುದಕ್ಕೆ ದೊಡ್ಡ ಸಂಖ್ಯೆ. ಆದರೆ ಒಂದು ಎಲ್‌ಇಡಿ ಚೆನ್ನಾಗಿ ಉರಿಯಲು 10 ಮಿಲಿಆಂಪಿಯರ್ ಬೇಕು, ಅಂದರೆ ಸೆಕೆಂಡಿಗೆ 10 ಮಿಲಿಕೂಲಂ. ಪೈಪಿನಲ್ಲಿರುವ ಅಷ್ಟೂ ಚಾರ್ಜನ್ನು ಒಂದು ಹನಿ ಚೆಲ್ಲದೆ ಕೊಟ್ಟರೂ ಎಲ್‌ಇಡಿ ಉರಿಯುವುದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಹೊತ್ತು! ಮಗಳ ಪ್ರಶ್ನೆಗೆ ಉತ್ತರ ಇದೇ. ಇದನ್ನು ಕೇಳಿ ಅವಳು, "ಹಾಗಾದ್ರೆ ಹತ್ತು ಲಕ್ಷ ಪೈಪ್ ತರೋಣ" ಅಂದಳು. ಆ ಮಾತಿಗೆ ಆಮೇಲೆ ಬರೋಣ.

ಹೆಜ್ಜೆ 4: ಬ್ರೆಡ್‌ಬೋರ್ಡ್, ರೆಸಿಸ್ಟರ್, ಎಲ್‌ಇಡಿ

ಬ್ರೆಡ್‌ಬೋರ್ಡಿನಲ್ಲಿ ನಡುವಿನ ಕಾಲುವೆಯ ಆಚೀಚೆ ಐದೈದು ತೂತಿನ ಸಾಲುಗಳಿರುತ್ತವೆ. ಒಂದು ಸಾಲಿನ ಐದೂ ತೂತು ಒಳಗೇ ಕೂಡಿಕೊಂಡಿರುತ್ತವೆ, ಕಾಲುವೆ ದಾಟಿದರೆ ಸಂಪರ್ಕ ಇಲ್ಲ. ಅಂಚಿನ ಉದ್ದದ ಸಾಲುಗಳು ಪ್ಲಸ್ಸಿಗೆ ಮತ್ತು ಮೈನಸ್ಸಿಗೆ. ಕೆಲವು ಬೋರ್ಡುಗಳಲ್ಲಿ ಈ ಉದ್ದದ ಸಾಲು ಅರ್ಧಕ್ಕೆ ತುಂಡಾಗಿರುತ್ತದೆ, ಮಲ್ಟಿಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ ಎರಡು ತುದಿ ಮುಟ್ಟಿ ನೋಡಿಕೊಳ್ಳಿ. ಇದು ಗೊತ್ತಿಲ್ಲದೆ ನಾನು ಒಂದು ಸಂಜೆ ಪೂರ್ತಿ ಹಾಳು ಮಾಡಿಕೊಂಡಿದ್ದೇನೆ.

ಎಲ್‌ಇಡಿಗೆ ಎರಡು ಕಾಲು. ಉದ್ದದ್ದು ಪ್ಲಸ್. ಅದು ಒಂದೇ ದಿಕ್ಕಿನಲ್ಲಿ ಕರೆಂಟು ಬಿಡುವ ಬಾಗಿಲು, ಉಲ್ಟಾ ಹಾಕಿದರೆ ಉರಿಯುವುದಿಲ್ಲ. ಆದರೆ ಸರಿಯಾದ ದಿಕ್ಕಿನಲ್ಲಿ ಬಾಗಿಲು ತೆರೆದ ಮೇಲೆ ಎಷ್ಟು ಕರೆಂಟು ಬಿಡಬೇಕು ಅನ್ನುವ ಹಿಡಿತ ಅದಕ್ಕಿಲ್ಲ. ನನ್ನ ಮೊದಲ ಎಲ್‌ಇಡಿಯನ್ನು ನೇರ 9 ವೋಲ್ಟಿಗೆ ತಾಗಿಸಿದ್ದೆ, ಒಂದು ಕ್ಷಣ ಕಿತ್ತಳೆ ಬಣ್ಣಕ್ಕೆ ಫಳಾರನೆ ಹೊಳೆದು ಸುಟ್ಟ ವಾಸನೆ ಬಿಟ್ಟು ಸತ್ತುಹೋಯಿತು. ಆ ಹಿಡಿತ ಕೊಡುವುದು ರೆಸಿಸ್ಟರ್.

ಎಷ್ಟು ಓಮ್ ಹಾಕಬೇಕು? ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಕರೆಂಟು ಬೇಕೆಂದರೆ ವೋಲ್ಟನ್ನು ಓಮ್‌ನಿಂದ ಭಾಗಿಸಿ, ಅಷ್ಟೇ. ಕೆಂಪು ಎಲ್‌ಇಡಿ ತನಗೆ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ಬ್ಯಾಟರಿಯ 9ರಲ್ಲಿ ಉಳಿದದ್ದು 7. ಅದನ್ನು 470ರಿಂದ ಭಾಗಿಸಿದರೆ 0.015 ಆಂಪಿಯರ್, ಅಂದರೆ 15 ಮಿಲಿಆಂಪಿಯರ್. ಸಾಮಾನ್ಯ ಎಲ್‌ಇಡಿಗೆ 20 ದಾಟಬಾರದು, ಹಾಗಾಗಿ ಇದು ಸರಿ. ಬಿಳಿ, ನೀಲಿ ಎಲ್‌ಇಡಿಗಳು 3 ವೋಲ್ಟಿನಷ್ಟು ತಗೊಳ್ಳುತ್ತವೆ, ಅವಕ್ಕೂ ಇದೇ ರೆಸಿಸ್ಟರ್ ನಡೆಯುತ್ತದೆ.

ಜೋಡಿಸುವುದು ಹೀಗೆ: ಬ್ಯಾಟರಿಯ ಪ್ಲಸ್ಸಿನಿಂದ ರೆಸಿಸ್ಟರಿನ ಒಂದು ಕಾಲು, ಇನ್ನೊಂದು ಕಾಲಿನಿಂದ ಎಲ್‌ಇಡಿಯ ಉದ್ದದ ಕಾಲು, ಗಿಡ್ಡ ಕಾಲಿನಿಂದ ಬ್ಯಾಟರಿಯ ಮೈನಸ್. ಉರಿಯಿತಾ? ಒಂದು ತಂತಿ ಕಿತ್ತರೆ ಆರುತ್ತದೆ, ಸ್ವಿಚ್ಚು ಮಾಡುವುದೂ ಅದನ್ನೇ.

ರೆಸಿಸ್ಟರಿನ ಬಣ್ಣದ ಪಟ್ಟಿಗಳಲ್ಲಿ 470 ಓಮ್ ಅಂದರೆ ಹಳದಿ, ನೇರಳೆ, ಕಂದು. 10 ಕೆ ಅಂದರೆ ಕಂದು, ಕಪ್ಪು, ಕಿತ್ತಳೆ. 100 ಕೆ ಗೆ ಮೂರನೆಯದು ಹಳದಿ, 1 ಮೆಗ್‌ಗೆ ಹಸಿರು. ನೀಲಿ ಮೈಯ ಐದು ಪಟ್ಟಿಯ ರೆಸಿಸ್ಟರ್‌ಗಳ ಲೆಕ್ಕ ಬೇರೆ. ನಿಜ ಹೇಳಬೇಕೆಂದರೆ ನನಗೆ ಬಲ್ಬಿನ ಬೆಳಕಲ್ಲಿ ಕಂದು, ಕೆಂಪು ಒಂದೇ ಥರ ಕಾಣುತ್ತವೆ, ಮೀಟರಿನಲ್ಲಿ ಅಳೆದುಬಿಡುತ್ತೇನೆ. ಮೀಟರ್ ವಿಷಯಕ್ಕೆ ಒಂದು ಎಚ್ಚರಿಕೆ. ಆಂಪಿಯರ್ ಅಳೆಯುವ ಗುರುತಿನಲ್ಲಿಟ್ಟು ನೇರ ಬ್ಯಾಟರಿಯ ಎರಡು ತುದಿಗೆ ತಾಗಿಸಬೇಡಿ, ಒಳಗಿನ ಫ್ಯೂಸ್ ಹೋಗುತ್ತದೆ. ವೋಲ್ಟ್ ಅಳೆಯುವಾಗ ಎರಡು ತುದಿಗೆ ಮುಟ್ಟಿಸಬೇಕು. ಕರೆಂಟ್ ಅಳೆಯುವಾಗ ದಾರಿಯನ್ನು ಒಂದು ಕಡೆ ಕಡಿದು ಮೀಟರನ್ನು ನಡುವೆ ಸೇರಿಸಬೇಕು.

ಹೆಜ್ಜೆ 5: ಕೆಪಾಸಿಟರ್, ಅಂದರೆ ಸುರುಳಿ ಸುತ್ತಿದ ಬಾಟಲಿ

1745-46ರಲ್ಲಿ ಜರ್ಮನಿಯ ಫಾನ್ ಕ್ಲೈಸ್ಟ್, ಹಾಲೆಂಡಿನ ಲೈಡನ್ ಊರಿನ ಮುಸ್ಸೆನ್‌ಬ್ರೂಕ್ ಇಬ್ಬರೂ ಬೇರೆ ಬೇರೆಯಾಗಿ ಒಂದು ವಿಷಯ ಕಂಡುಕೊಂಡರು. ಗಾಜಿನ ಪಾತ್ರೆಯಲ್ಲಿ ಚಾರ್ಜನ್ನು ತುಂಬಿಡಬಹುದು, ಮುಟ್ಟಿದರೆ ಭಾರಿ ಏಟು ಬೀಳುತ್ತದೆ. ಆಮೇಲೆ ಅದರ ಒಳಗೂ ಹೊರಗೂ ಲೋಹದ ಹಾಳೆ ಸುತ್ತಿದರು. ಎರಡು ಲೋಹದ ಪದರ, ನಡುವೆ ವಿದ್ಯುತ್ ಹರಿಯಗೊಡದ ಒಂದು ತಡೆ. ಲೈಡನ್ ಜಾಡಿ ಅಂದರೆ ಇಷ್ಟೇ. ನಿಮ್ಮ ಕೈಯಲ್ಲಿರುವ ಕೆಪಾಸಿಟರ್ ಅದರದೇ ಮರಿಮಗ. ಅಲ್ಯೂಮಿನಿಯಂ ಹಾಳೆಯನ್ನು ಸುರುಳಿ ಸುತ್ತಿ ಡಬ್ಬಿಯಲ್ಲಿ ಹಾಕಿದ್ದಾರೆ, ಹಾಳೆಯ ಮೇಲಿನ ತೆಳ್ಳನೆಯ ಆಕ್ಸೈಡ್ ಪದರವೇ ತಡೆ.

ಮೈಮೇಲೆ ಪಟ್ಟಿ ಇರುವ ಕಡೆಯ ಕಾಲು ಮೈನಸ್. ಉಲ್ಟಾ ಹಾಕಬೇಡಿ, ಉಬ್ಬಿ ಒಡೆಯುತ್ತದೆ. ಈಗ ಅದನ್ನು ನೇರವಾಗಿ ಬ್ಯಾಟರಿಗೆ ಒಂದೆರಡು ಸೆಕೆಂಡ್ ತಾಗಿಸಿ, ತೆಗೆದು, ಹೆಜ್ಜೆ 4ರ ಮಂಡಲದಲ್ಲಿ ಬ್ಯಾಟರಿಯ ಜಾಗಕ್ಕೆ ಸಿಕ್ಕಿಸಿ. ಎಲ್‌ಇಡಿ ಬೆಳಗಿ, ಮೆಲ್ಲಗೆ ಮಂಕಾಗಿ ಆರುತ್ತದೆ. 470 ತೆಗೆದು 10 ಕೆ ಹಾಕಿ ಮತ್ತೆ ಮಾಡಿ. ಬೆಳಕು ಕಮ್ಮಿ, ಆದರೆ ತುಂಬಾ ಹೊತ್ತು ಇರುತ್ತದೆ. ಓಮ್ ಮತ್ತು ಫ್ಯಾರಡ್ ಗುಣಿಸಿದರೆ ಸೆಕೆಂಡು ಬರುತ್ತದೆ. 1000 ಮೈಕ್ರೋಫ್ಯಾರಡ್ ಅಂದರೆ 0.001 ಫ್ಯಾರಡ್. 10,000ವನ್ನು 0.001ರಿಂದ ಗುಣಿಸಿದರೆ 10 ಸೆಕೆಂಡ್. ಅಷ್ಟು ಹೊತ್ತಿಗೆ ಅದರ ವೋಲ್ಟೇಜು ಮೂರನೇ ಎರಡು ಭಾಗದಷ್ಟು ಇಳಿಯಬೇಕು ಅನ್ನುವುದು ಲೆಕ್ಕ. ಎಲ್‌ಇಡಿ ತನ್ನ 2 ವೋಲ್ಟನ್ನು ಹಿಡಿದುಕೊಳ್ಳುವುದರಿಂದ ಪಕ್ಕಾ ಅಷ್ಟೇ ಬರುವುದಿಲ್ಲ, ಆದರೆ ಅಂದಾಜಿಗೆ ಮೋಸ ಇಲ್ಲ.

ಈಗ ಮಗಳ ಹತ್ತು ಲಕ್ಷ ಪೈಪಿನ ಮಾತು. 1000 ಮೈಕ್ರೋಫ್ಯಾರಡ್, 9 ವೋಲ್ಟ್ ಅಂದರೆ ಅದರಲ್ಲಿ ತುಂಬಿದ ಚಾರ್ಜು 9 ಮಿಲಿಕೂಲಂ. ನಮ್ಮ 10 ನ್ಯಾನೊಕೂಲಂ ಪೈಪಿನ ಲೆಕ್ಕದಲ್ಲಿ ಇದು ಸರಿಯಾಗಿ 9 ಲಕ್ಷ ಪೈಪು. ಹೆಬ್ಬೆರಳು ಗಾತ್ರದ್ದೂ ಇಲ್ಲದ ಡಬ್ಬಿಯಲ್ಲಿ! ಅವಳು ತಮಾಷೆಗೆ ಹೇಳಿದ್ದು ಹತ್ತಿರಕ್ಕೇ ಬಂದಿತ್ತು.

ಹಾಗಂತ ಎಲ್ಲ ಕೆಪಾಸಿಟರೂ ಆಟದ ಸಾಮಾನಲ್ಲ. ಮೈಕ್ರೋವೇವ್ ಓವನ್, ಕ್ಯಾಮೆರಾ ಫ್ಲ್ಯಾಶ್‌ನೊಳಗಿನವು ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ, ಜೀವಕ್ಕೇ ಅಪಾಯ. ಅವನ್ನು ಬಿಚ್ಚಲು ಹೋಗಬೇಡಿ.

ಹೆಜ್ಜೆ 6: ಮುಟ್ಟದೆ ಮಿನುಗುವ ಎಲ್‌ಇಡಿ

ಪೈಪಿನಲ್ಲಿ ಚಾರ್ಜು ಸಾಲದು, ಸರಿ. ಆದರೆ ಆ ಚೂರು ಚಾರ್ಜಿಗೆ ಬ್ಯಾಟರಿಯ ಬಾಗಿಲು ತೆರೆಯುವ ಕೆಲಸ ಕೊಟ್ಟರೆ? ಟ್ರಾನ್ಸಿಸ್ಟರ್ ಇರುವುದೇ ಇದಕ್ಕೆ. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವ ಹಾಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬೇಸಿಗೆ ಹೋಗುವ ಚಿಕ್ಕ ಕರೆಂಟು ಕಲೆಕ್ಟರಿನಿಂದ ಎಮಿಟರಿಗೆ ನೂರು ಪಟ್ಟಿಗೂ ಜಾಸ್ತಿ ಕರೆಂಟನ್ನು ಬಿಡುತ್ತದೆ. ಒಂದರ ಹಿಂದೆ ಒಂದು ಮೂರು ಹಾಕಿದರೆ, ಒಂದೊಂದು ನೂರು ಪಟ್ಟು ಅಂದರೂ ಹತ್ತು ಲಕ್ಷ ಪಟ್ಟು. ಪೈಪಿಗೆ ಕಮ್ಮಿ ಬಿದ್ದದ್ದೂ ಅಷ್ಟೇ ಅಲ್ವಾ!

ಜೋಡಣೆಯನ್ನು ನಿಧಾನವಾಗಿ ಮಾಡಿ. ಮೊದಲನೆಯದರ ಎಮಿಟರನ್ನು ಎರಡನೆಯದರ ಬೇಸಿಗೆ, ಎರಡನೆಯದರ ಎಮಿಟರನ್ನು ಮೂರನೆಯದರ ಬೇಸಿಗೆ, ಮೂರನೆಯದರ ಎಮಿಟರನ್ನು ಮೈನಸ್ಸಿಗೆ. ಮೊದಲನೆಯದರ ಕಲೆಕ್ಟರಿನಿಂದ ಪ್ಲಸ್ಸಿಗೆ 1 ಮೆಗ್, ಎರಡನೆಯದರಿಂದ ಪ್ಲಸ್ಸಿಗೆ 100 ಕೆ. ಮೂರನೆಯದರ ಕಲೆಕ್ಟರಿಗೆ ಎಲ್‌ಇಡಿಯ ಗಿಡ್ಡ ಕಾಲು, ಉದ್ದದ ಕಾಲಿನಿಂದ 470 ಓಮ್ ಮೂಲಕ ಪ್ಲಸ್ಸಿಗೆ. ಉಳಿದದ್ದು ಮೊದಲನೆಯದರ ಬೇಸ್, ಅದಕ್ಕೆ ಒಂದು ಗೇಣು ತಂತಿ ನೆಟ್ಟಗೆ ನಿಲ್ಲಿಸಿ. ಅದೇ ಆಂಟೆನಾ. ಅದರ ಇನ್ನೊಂದು ತುದಿ ಯಾವುದಕ್ಕೂ ತಾಗಬಾರದು.

ಬ್ಯಾಟರಿ ಹಾಕಿ. ಗೋಡೆಯ ಹತ್ತಿರ ಇದ್ದರೆ ಪೈಪು ಇಲ್ಲದೆಯೇ ಎಲ್‌ಇಡಿ ಮಂಕಾಗಿ ಉರಿಯಬಹುದು. ಗೋಡೆಯೊಳಗಿನ ವೈರಿನ ಪ್ರಭಾವ ಅದು, ಗಾಬರಿ ಬೇಡ. ಕೋಣೆಯ ನಡುವೆ ಅಥವಾ ತಾರಸಿ ಮೇಲೆ ಹೋಗಿ. ಬ್ಯಾಟರಿಯ ಮೈನಸ್ ಕಡೆಯ ತಂತಿಯನ್ನು ಒಂದು ಕೈಯಲ್ಲಿ ಮುಟ್ಟಿಕೊಂಡರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಈಗ ಉಜ್ಜಿದ ಪೈಪನ್ನು ಆಂಟೆನಾಗೆ ಒಂದಡಿ ದೂರಕ್ಕೆ ತಂದು ಹಿಂದಕ್ಕೆಳೆಯಿರಿ. ಮುಟ್ಟಿಸಬೇಡಿ. ಕಿಡಿ ಹಾರಿದರೆ ಮೊದಲ ಟ್ರಾನ್ಸಿಸ್ಟರ್ ಸಾಯುತ್ತದೆ. ಒಮ್ಮೆ ಪಾಲಿಯೆಸ್ಟರ್ ಅಂಗಿ ಹಾಕಿಕೊಂಡು ಕಂಪ್ಯೂಟರಿನ ರ್‍ಯಾಮ್ ಬದಲಾಯಿಸಲು ಹೋಗಿ ಹೊಸ ರ್‍ಯಾಮನ್ನೇ ಕೊಂದವನು ನಾನು. ನಮ್ಮ ಚರ್ಮಕ್ಕೆ ಚಿಟ್ ಅಂತ ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು, ಕೆಲವು ಚಿಪ್‌ಗಳು ನೂರು ವೋಲ್ಟಿಗೂ ಕಮ್ಮಿಯಲ್ಲೇ ಹಾಳಾಗುತ್ತವೆ, ಅಂದರೆ ಕೊಂದದ್ದು ಕೊಂದವನಿಗೇ ಗೊತ್ತಾಗುವುದಿಲ್ಲ. ಚಿಪ್ ಮುಟ್ಟುವ ಮೊದಲು ನೆಲಕ್ಕೆ ಸಂಪರ್ಕ ಇರುವ ಲೋಹವನ್ನು ಒಮ್ಮೆ ಮುಟ್ಟಿಕೊಳ್ಳಿ.

ಎಲ್‌ಇಡಿ ಯಾವಾಗ ಮಿನುಗಿತು ಅಂತ ಗಮನಿಸಿ. ಪೈಪು ಹತ್ತಿರ ಬರುವಾಗ ಅಲ್ಲ, ದೂರ ಹೋಗುವಾಗ. ಬಾಟಲಿಯ ಫಾಯಿಲ್ ಪಟ್ಟಿ ನೆನಪಿದೆಯಾ? ಮೈನಸ್ ಪೈಪು ಹತ್ತಿರ ಬಂದಾಗ ಆಂಟೆನಾದ ಎಲೆಕ್ಟ್ರಾನ್‌ಗಳು ಕೆಳಕ್ಕೆ ಓಡಿ ಬೇಸಿಗೆ ನುಗ್ಗುತ್ತವೆ. ಅದು ಈ ಜಾತಿಯ ಟ್ರಾನ್ಸಿಸ್ಟರಿಗೆ ಉಲ್ಟಾ ದಿಕ್ಕು, ಬಾಗಿಲು ಮುಚ್ಚಿಯೇ ಇರುತ್ತದೆ. ಪೈಪು ದೂರ ಹೋದಾಗ ಎಲೆಕ್ಟ್ರಾನ್‌ಗಳು ಬೇಸಿನಿಂದ ಆಂಟೆನಾಗೆ ವಾಪಸ್ಸು ಏರುತ್ತವೆ. ಫ್ರಾಂಕ್ಲಿನ್ನನ ಲೆಕ್ಕದಲ್ಲಿ ಅದು ಬೇಸಿನೊಳಕ್ಕೆ ಹರಿದ ಕರೆಂಟು, ಬಾಗಿಲು ತೆರೆಯುತ್ತದೆ.

ಇದು ನಿಜವೋ ಅಂತ ನೋಡಲು ಪೈಪಿನ ಬದಲು ಹೆಜ್ಜೆ 3ರ ತಟ್ಟೆಯನ್ನು ಚಾರ್ಜ್ ಮಾಡಿ ತನ್ನಿ. ಅದು ಪ್ಲಸ್. ಈಗ ಹತ್ತಿರ ತರುವಾಗಲೇ ಎಲ್‌ಇಡಿ ಮಿನುಗಬೇಕು. ನಮ್ಮ ಮನೆಯಲ್ಲಿ ನಾಲ್ಕನೇ ಪ್ರಯತ್ನಕ್ಕೆ ಮಿನುಗಿತು. ಮೊದಲ ಮೂರು ಸಲ ಬ್ಯಾಟರಿಯ ಕ್ಯಾಪು ಸಡಿಲ ಇತ್ತು.